ಬಾಡಿಗೆ ಕೇಳದ ಗೋಡೆ

ಮೊದಲ ದಿನ ಗೋಡೆಗೆ ಮೊಳೆ ಹೊಡೆದಾಗ ಒಂದು ಹಿಡಿ ಮಣ್ಣು ಉದುರಿ ಕೆಳಗೆ ಬಿತ್ತು. ದಾವಣಗೆರೆಯ ಹಳೇ ಪೇಟೆ ಕಡೆಯ ಹತ್ತಿ ಗೋದಾಮು ಅದು. ಹತ್ತಿ ವ್ಯಾಪಾರ ನಿಂತ ಮೇಲೆ ಅಲ್ಲಿ ಮಂಡಕ್ಕಿ ಚೀಲ ಪೇರಿಸುತ್ತಿದ್ದರು. ಆಮೇಲೆ ಅದೂ ನಿಂತು ಬಾಗಿಲಿಗೆ ಬೀಗ ಬಿದ್ದಿತ್ತು. 28 ಅಡಿ ಉದ್ದ, 18 ಅಡಿ ಅಗಲ, ಮೇಲೆ ಮಂಗಳೂರು ಹೆಂಚು. ಕಿಟಕಿ ಒಂದೇ. ಅದು 2013ರ ಬೇಸಿಗೆ. ನಾವು ಐದು ಜನ ಗೆಳೆಯರು ಅದನ್ನು ಬಾಡಿಗೆಗೆ ಹಿಡಿದು, ಊರಿಗೊಂದು ಆರ್ಟ್ ಗ್ಯಾಲರಿ ಮಾಡುತ್ತೇವೆ ಅಂದಾಗ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಚಿತ್ರ ಯಾರು ತಗೊಳ್ತಾರೆ?"

ಯಾರೂ ತಗೊಳ್ಳದಿದ್ದರೂ ನಡೆಯಬೇಕು ಅನ್ನುವುದೇ ನಮ್ಮ ಆಸೆಯಾಗಿತ್ತು. ಅದನ್ನು ಅವತ್ತು ಸರಿಯಾಗಿ ಹೇಳಲು ಬರಲಿಲ್ಲ. ಈಗ ಹೇಳುತ್ತೇನೆ.

ನಾನು ಓದಿದ್ದು ಇದೇ ಊರಿನ ಚಿತ್ರಕಲಾ ಕಾಲೇಜಿನಲ್ಲಿ. 1964ರಲ್ಲಿ ಶುರುವಾದ ಕಾಲೇಜು, ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬಳ್ಳಾರಿ, ಚಿತ್ರದುರ್ಗ, ಹಾವೇರಿ, ಶಿವಮೊಗ್ಗ ಕಡೆಯಿಂದ ಮಕ್ಕಳು ಬರುತ್ತಾರೆ. ಹೆಚ್ಚಿನವರು ರೈತರ, ಕೂಲಿಯವರ, ಬಡಗಿ ಮನೆಯ ಮಕ್ಕಳು. ವರ್ಷಗಟ್ಟಲೆ ಚೆನ್ನಾಗಿ ಕಲಿಯುತ್ತಾರೆ. ಕೊನೆಯ ವರ್ಷ ಕಾಲೇಜಿನ ಹಾಲ್‌ನಲ್ಲಿ ಪ್ರದರ್ಶನ ಆಗುತ್ತದೆ. ಅದಾದ ಮೇಲೆ ಏನು? ಕೆಲವರು ಡ್ರಾಯಿಂಗ್ ಮೇಷ್ಟ್ರಾಗುತ್ತಾರೆ. ಕೆಲವರು ಫ್ಲೆಕ್ಸ್ ಅಂಗಡಿ ಸೇರುತ್ತಾರೆ. ಬೆಂಗಳೂರಿಗೆ ಹೋಗಿ ಅನಿಮೇಷನ್ ಕಂಪನಿ ಸೇರಿದವರೂ ಇದ್ದಾರೆ. ಚಿತ್ರ ಬರೆಯುವುದನ್ನು ಬಿಟ್ಟವರು ಎಷ್ಟು ಜನ ಅಂತ ನಮ್ಮ ಬ್ಯಾಚಿನ ಫೋಟೋ ಹಿಡಿದು ಒಂದು ಸಲ ಎಣಿಸಲು ಕೂತಿದ್ದೆ. ಅರ್ಧಕ್ಕೆ ನಿಲ್ಲಿಸಿದೆ. ಅವರಿಗೆ ಪ್ರತಿಭೆ ಕಮ್ಮಿ ಇರಲಿಲ್ಲ. ಬರೆದದ್ದನ್ನು ತೋರಿಸಲು ಜಾಗ ಇರಲಿಲ್ಲ, ಅಷ್ಟೇ.

ಜಾಗ ಅಂದರೆ ಹೇಗಿರುತ್ತದೆ ನೋಡಿ. ವ್ಯಾಪಾರದ ಗ್ಯಾಲರಿಯವರು ಮಾರಾಟವಾಗುವ ಚಿತ್ರ ಹುಡುಕುತ್ತಾರೆ. ಮಾರಿದ ಬೆಲೆಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಅವರ ಪಾಲು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೂ ಅಂಗಡಿ ಬಾಡಿಗೆ, ಸಂಬಳ ಇರುತ್ತದೆ. ಇನ್ನೊಂದು ದಾರಿ ದಿನದ ಲೆಕ್ಕದಲ್ಲಿ ಹಾಲ್ ಬಾಡಿಗೆಗೆ ಹಿಡಿಯುವುದು. ಬಾಡಿಗೆ, ಫ್ರೇಮು, ಆಮಂತ್ರಣ ಪತ್ರ, ಚಿತ್ರ ಸಾಗಿಸುವ ಖರ್ಚು, ಎಲ್ಲ ಕಲಾವಿದನ ಕಿಸೆಯಿಂದಲೇ. ತನ್ನ ಕೆಲಸ ತೋರಿಸಲು ತಾನೇ ದುಡ್ಡು ಕೊಡಬೇಕು. 22 ವರ್ಷದ ಹುಡುಗಿಯೊಬ್ಬಳು ಹರಪನಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಹೀಗೆ ಪ್ರದರ್ಶನ ಮಾಡಲು ಆಗುತ್ತದಾ?

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆದುಕೊಂಡಿದ್ದೆ. ಬೇರೆ ದಾರಿಯೂ ಇದೆ ಅಂತ ಗೊತ್ತಾದದ್ದು ಅಲ್ಲೇ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಸರ್ಕಾರದ್ದು. ಬಾಡಿಗೆ ತುಂಬಾ ಕಮ್ಮಿ. ಕೆ. ವೆಂಕಟಪ್ಪನವರ ಜಲವರ್ಣಗಳು, ಕೆ.ಕೆ. ಹೆಬ್ಬಾರರು ಕೊಟ್ಟ ಚಿತ್ರಗಳು ಇರುವ ಅದೇ ಕಟ್ಟಡದಲ್ಲಿ, ಆಗತಾನೇ ಕಾಲೇಜು ಮುಗಿಸಿದ ಹುಡುಗರ ಚಿತ್ರವೂ ತೂಗುತ್ತಿತ್ತು. ಅದು ನನಗೆ ದೊಡ್ಡ ವಿಷಯವಾಗಿ ಕಂಡಿತು. 2016ರಲ್ಲಿ ಆ ಗ್ಯಾಲರಿಯನ್ನು ಖಾಸಗಿಯವರ ಜೊತೆ ಸೇರಿ ನಡೆಸುವ ಒಪ್ಪಂದದ ವಿರುದ್ಧ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ನಾನು ಆಗ ದಾವಣಗೆರೆಯಲ್ಲಿದ್ದೆ. ರಾತ್ರಿ ರೈಲು ಹತ್ತಿ ಹೋಗಿ ಅವರ ಜೊತೆ ನಿಂತೆ.

ಇನ್ನೊಂದು ಜಾಗ ಶಾಂತಿನಗರದ ಒಂದು ಮನೆ. ಕಲಾ ಇತಿಹಾಸಕಾರ, ಕಲಾವಿದ ಸುರೇಶ್ ಜಯರಾಂ 2003ರಲ್ಲಿ ತಮ್ಮ ಮನೆಯನ್ನೇ ಸ್ಟುಡಿಯೋ, ಗ್ಯಾಲರಿ, ದೂರದಿಂದ ಬಂದ ಕಲಾವಿದರು ಉಳಿಯುವ ಜಾಗ, ಎಲ್ಲವನ್ನೂ ಸೇರಿಸಿ ತೆರೆದಿಟ್ಟರು. ವಾಸ್ತುಶಿಲ್ಪಿ ಮೀತಾ ಜೈನ್ ಕಟ್ಟಿದ ಮನೆ. ವಿಳಾಸವೇ ಹೆಸರಾಯಿತು: ಒನ್ ಶಾಂತಿರೋಡ್. ನಾನು ಮೊದಲ ಸಲ ಹೋದಾಗ ಯಾರೂ ನನ್ನನ್ನು ಯಾರು ಏನು ಅಂತ ವಿಚಾರಿಸಲಿಲ್ಲ. ಗೋಡೆ ನೋಡಿದೆ, ಮೆಟ್ಟಿಲ ಮೇಲೆ ಕೂತೆ. ಯಾರೋ ಚಹಾ ಕೊಟ್ಟರು. ಅಷ್ಟು ಹೊತ್ತಿಗೆ ಇಬ್ಬರು ಕಲಾವಿದರ ಪರಿಚಯವಾಗಿತ್ತು. 2009ರ ಹೊತ್ತಿಗೆ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಒಂದಷ್ಟು ಕಲಾವಿದರು ಸೇರಿ ಸಮೂಹ ಅಂತ ಒಂದು ಜಾಗ ನಡೆಸಿದರು. ಎಲ್ಲರೂ ದುಡ್ಡು ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಜಾಗ ಬಳಸಿಕೊಳ್ಳುವ ಏರ್ಪಾಡು. ಇದನ್ನು ಎಷ್ಟು ದಿನ ನಡೆಸುತ್ತೇವೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಶುರು ಮಾಡಿದ್ದರು. ಹಾಗೂ ಮಾಡಬಹುದಲ್ವಾ ಅನ್ನಿಸಿತು. ಸಂಸ್ಥೆ ಅಂದ ತಕ್ಷಣ ಶಾಶ್ವತವಾಗಿರಬೇಕು ಅಂತೇನಿಲ್ಲ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಊರಿಗೆ ಬಂದೆ. ಬೆಂಗಳೂರಿನಿಂದ ದಾವಣಗೆರೆ ಸುಮಾರು 260 ಕಿಲೋಮೀಟರ್. ಅಷ್ಟು ದೂರದಲ್ಲಿ ಇದೆಲ್ಲ ನಡೆಯುತ್ತದಾ ಅನ್ನುವ ಭಯ ಇತ್ತು.

ಮೊದಲು ಗೋಡೆ. ಮಣ್ಣು ಉದುರುವ ಗೋಡೆಗೆ ಚಿತ್ರ ತೂಗುಹಾಕಲು ಆಗುವುದಿಲ್ಲ. ಹೊಸದಾಗಿ ಗಾರೆ ಮಾಡಿಸಲು ನಮ್ಮ ಹತ್ತಿರ ದುಡ್ಡೂ ಇರಲಿಲ್ಲ, ಬೇರೆಯವರ ಕಟ್ಟಡಕ್ಕೆ ಅಷ್ಟು ಸುರಿಯುವುದು ಸರಿಯೂ ಅಲ್ಲ. ಮರದ ರೀಪರ್ ಚೌಕಟ್ಟು ಮಾಡಿ, ಅದರ ಮೇಲೆ 12 ಮಿಲಿಮೀಟರ್ ಪ್ಲೈವುಡ್ ಕೂರಿಸಿದೆವು. ಎಲ್ಲೂ ಅಂಟು ಹಾಕಲಿಲ್ಲ. ಬರೀ ಸ್ಕ್ರೂ. ಸಂದುಗಳಿಗೆ ಪುಟ್ಟಿ ತುಂಬಿ, ಮೇಲೆ ಮ್ಯಾಟ್ ಬಿಳಿ ಎಮಲ್ಷನ್. ಹೊಳೆಯುವ ಬಣ್ಣ ಹಾಕಬೇಡಿ, ಲೈಟು ಅದರಲ್ಲೇ ಕಾಣುತ್ತದೆ. ಪ್ರತಿ ಪ್ರದರ್ಶನ ಮುಗಿದ ಮೇಲೆ ತೂತು ಮುಚ್ಚಿ ಒಂದು ಕೋಟ್ ಬಣ್ಣ ಹೊಡೆಯುತ್ತೇವೆ. ಗೋಡೆಯ ಹಿಂದೆ ಎರಡು ಇಂಚು ಜಾಗ ಉಳಿಯುವುದರಿಂದ ವೈರು ಓಡಿಸಲೂ ಅನುಕೂಲ, ಮಳೆಗಾಲದ ತೇವ ನೇರವಾಗಿ ಚಿತ್ರಕ್ಕೆ ತಾಗುವುದೂ ಇಲ್ಲ.

ಲೈಟಿನ ವಿಷಯದಲ್ಲಿ ಮೊದಲು ತಪ್ಪು ಮಾಡಿದೆವು. ಅಗ್ಗದ ಎಲ್ಇಡಿ ಟ್ಯೂಬ್ ಹಾಕಿದಾಗ ಕೆಂಪು ಬಣ್ಣವೆಲ್ಲ ಕಂದು ಬಣ್ಣವಾಗಿ ಕಾಣುತ್ತಿತ್ತು. ಲೈಟಿನ ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಅಳತೆ ಅದು. 90ಕ್ಕಿಂತ ಮೇಲಿರಬೇಕು. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಕಾಗದದ ಮೇಲಿನ ಕೆಲಸಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡಬಾರದು, ಬಣ್ಣ ಮಾಸುತ್ತದೆ. ತೈಲವರ್ಣಕ್ಕೆ 200ರವರೆಗೆ ಪರವಾಗಿಲ್ಲ. ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ 57 ಇಂಚು ಎತ್ತರಕ್ಕೆ ಬರುವಂತೆ ತೂಗುಹಾಕುತ್ತಾರೆ. ನಾವು 52 ಇಂಚಿಗೆ ಇಳಿಸಿದ್ದೇವೆ. ನಮ್ಮಲ್ಲಿಗೆ ಬರುವವರಲ್ಲಿ ಶಾಲೆ ಮಕ್ಕಳೇ ಜಾಸ್ತಿ.

ಬೋರ್ಡ್ ಬರೆಸುವಾಗ ಫ್ಲೆಕ್ಸ್ ಬೇಡ ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದೆವು. ಒಂದು ಕಾಲದಲ್ಲಿ ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು, ಲಾರಿ ಬರೆಯುತ್ತಿದ್ದ ಹಿರಿಯರೊಬ್ಬರು ಹತ್ತಿರದಲ್ಲೇ ಇದ್ದರು. ಕೆಲಸ ಇಲ್ಲದೆ ಮಗನ ಕಿರಾಣಿ ಅಂಗಡಿಯಲ್ಲಿ ಕೂರುತ್ತಿದ್ದರು. ದಾರಕ್ಕೆ ನೀಲಿ ಪುಡಿ ಹಚ್ಚಿ ಚಟ್ ಅಂತ ಗೆರೆ ಹೊಡೆದು, ಚಪ್ಪಟೆ ಬ್ರಷ್ ಹಿಡಿದರೆ ಒಂದು ಅಕ್ಷರವನ್ನೂ ತಿದ್ದುವ ಮಾತಿಲ್ಲ. ಮುಂದಿನ ವರ್ಷ ಅವರನ್ನೂ ಅವರ ಇಬ್ಬರು ಜೊತೆಗಾರರನ್ನೂ ಕರೆದು ಒಳಗಿನ ಗೋಡೆಯ ಮೇಲೆಲ್ಲ ಬರೆಯಿಸಿದೆವು. ಇದು ಸಮಕಾಲೀನ ಕಲೆಯಾ ಅಂತ ಕಾಲೇಜಿನ ಒಬ್ಬ ಮೇಷ್ಟ್ರು ಜಗಳಕ್ಕೆ ಬಂದರು. ಒಳ್ಳೆಯ ಜಗಳ ಅದು, ಸಂಜೆ ಆರರಿಂದ ಒಂಬತ್ತರವರೆಗೆ ನಡೆಯಿತು. ಊರಿನಲ್ಲಿ ಕಲೆಯ ಬಗ್ಗೆ ಮೂರು ಗಂಟೆ ಜನ ಜಗಳ ಆಡಿದ್ದು ನಾನು ಅವತ್ತೇ ನೋಡಿದ್ದು.

ಈಗ ಕನ್ನಡದ ವಿಷಯ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ದೊಡ್ಡ ಗ್ಯಾಲರಿಗಳಲ್ಲಿ ಚಿತ್ರದ ಪಕ್ಕದ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಇದ್ದರೂ ಅದನ್ನು ಓದಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗೆ ಆಗುತ್ತದೆ. ನಾವೂ ಶುರುವಿನಲ್ಲಿ ಅದೇ ಮಾಡಿದೆವು. ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಮಾಡುವ ಇನ್‌ಸ್ಟಲೇಷನ್ ಅನ್ನುವುದಕ್ಕೆ ಪುಸ್ತಕದಲ್ಲಿ ಇದ್ದ ಹಾಗೆ ಪ್ರತಿಷ್ಠಾಪನಾ ಕಲೆ ಅಂತ ಬರೆದೆವು. ಬಂದವರು ಗಣಪತಿ ಎಲ್ಲಿ ಕೂರಿಸಿದ್ದೀರಿ ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮಲ್ಲಿ ಪ್ರತಿಷ್ಠಾಪನೆ ಅಂದರೆ ಅದೇ ತಾನೇ? ಆಮೇಲೆ ಜೋಡಣೆ ಅಂತ ಬದಲಾಯಿಸಿದೆವು. "ಹಳೇ ಬಾಗಿಲು, ಹಗ್ಗ, ಉಪ್ಪು. ಜೋಡಣೆ." ಎಲ್ಲರಿಗೂ ಅರ್ಥವಾಯಿತು.

"ಶೀರ್ಷಿಕೆ ಇಲ್ಲ" ಅಂತ ಚೀಟಿ ಹಾಕಿದರೆ "ಯಾಕೆ, ಹೆಸರೇ ಇಟ್ಟಿಲ್ವಾ?" ಅಂತ ಹೆಂಗಸರು ಕೇಳುತ್ತಾರೆ. ಅದಕ್ಕೆ ಈಗ ಕಲಾವಿದರ ಹತ್ತಿರ ಕೂತು ಮಾತಾಡಿಸಿ, ಅವರು ಆಡಿದ ಮಾತಿನಲ್ಲೇ ಎರಡು ಮೂರು ವಾಕ್ಯ ಬರೆಯುತ್ತೇವೆ. ನಿಯಮ ಒಂದೇ. ಆ ಚೀಟಿಯನ್ನು ಬೀದಿಯ ಕೊನೆಯ ಹಿಟ್ಟಿನ ಗಿರಣಿಯ ಅಕ್ಕನಿಗೆ ಓದಿ ಹೇಳುತ್ತೇವೆ. ಅವರು "ಅಂದ್ರೆ?" ಅಂತ ಕೇಳಿದ ಜಾಗದಲ್ಲಿ ತಿದ್ದುತ್ತೇವೆ. ಅಮೂರ್ತ, ಪರಿಕಲ್ಪನೆ, ಅಭಿವ್ಯಕ್ತಿ ಇಂಥ ಪದಗಳೆಲ್ಲ ಒಂದೊಂದಾಗಿ ಉದುರಿಹೋದವು. ಅವು ಹೋದ ಮೇಲೆ ಕಲಾವಿದರಿಗೇ ತಾವು ಏನು ಮಾಡಿದ್ದೇವೆ ಅನ್ನುವುದು ಇನ್ನೂ ಸ್ಪಷ್ಟವಾಯಿತು ಅಂತ ಇಬ್ಬರು ಹೇಳಿದ್ದಾರೆ.

ಉದ್ಘಾಟನೆಗೆ ಶಾಲು, ಹಾರ, ಮುಖ್ಯ ಅತಿಥಿ ಯಾವುದೂ ಇಲ್ಲ. ಸಂಜೆ ಐದಕ್ಕೆ ಬಾಗಿಲು ತೆಗೆಯುತ್ತೇವೆ. ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಕಲಾವಿದರು ಹತ್ತು ನಿಮಿಷ ಮಾತಾಡುತ್ತಾರೆ. ಬಜ್ಜಿ ಎಣ್ಣೆಯ ಕೈ ಚಿತ್ರಕ್ಕೆ ತಾಗಬಾರದು ಅಂತ ತಿನ್ನುವುದು ಹೊರಗಿನ ಕಟ್ಟೆಯ ಮೇಲೆ.

ಒಂದು ಪ್ರದರ್ಶನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಜಾಗ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅದೇ.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಹತ್ತಿ ಮಿಲ್ಲುಗಳ ಊರು. ಮಿಲ್ಲಿನ ಕೂಗು ಕೇಳಿ ಊರಿನವರು ಹೊತ್ತು ತಿಳಿಯುತ್ತಿದ್ದರು. ನಮ್ಮ ಅಪ್ಪನೂ ಮಿಲ್ ಕಾರ್ಮಿಕರೇ. ರಾತ್ರಿ ಪಾಳಿ ಮುಗಿಸಿ ಬಂದಾಗ ಹುಬ್ಬಿನ ಮೇಲೆ ಹತ್ತಿಯ ನವಿರು ಕೂತಿರುತ್ತಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಈಗಿನ ಮಕ್ಕಳಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ.

ನಮ್ಮ ಕಾಲೇಜಿನಲ್ಲೇ ಓದಿದ ಹುಡುಗಿಯೊಬ್ಬಳು ಬಂದು, ಮಿಲ್ಲಿನ ಬಗ್ಗೆ ಏನಾದರೂ ಮಾಡಬೇಕು ಅಂದಳು. ಅವಳ ತಾತ ಮಿಲ್ಲಿನಲ್ಲಿದ್ದರಂತೆ. ಏನು ಅಂತ ಅವಳಿಗೂ ಗೊತ್ತಿರಲಿಲ್ಲ. ಎರಡು ತಿಂಗಳು ಗುಜರಿ ಅಂಗಡಿ ಸುತ್ತಿದಳು. ಮರದ ಬಾಬಿನ್ನು, ಕದಿರು, ಮುರಿದ ಗಾಲಿ, ಕಾರ್ಮಿಕರ ಹಿತ್ತಾಳೆ ಬಿಲ್ಲೆ, ಏನು ಸಿಕ್ಕರೂ ಕೆಜಿ ಲೆಕ್ಕದಲ್ಲಿ ತಂದಳು. ಕೊನೆಗೆ ಗೋದಾಮಿನ ತೊಲೆಯಿಂದ ನೆಲದವರೆಗೆ 300 ನೂಲಿನ ಎಳೆ ಇಳಿಬಿಟ್ಟಳು. ಪ್ರತಿ ಎಳೆಯ ತುದಿಗೆ ಒಂದು ಬಾಬಿನ್. ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ ಮತ್ತೆ ಗಂಟು ಹಾಕಿದ್ದಳು. ಮಧ್ಯೆ ಜನ ನಡೆದು ಹೋಗಲು ಸಣ್ಣ ದಾರಿ. ಒಂದು ಮೂಲೆಯಲ್ಲಿ ಮಿಲ್ಲಿನ ಕೂಗಿನ ಸದ್ದನ್ನು ಅವಳ ತಾತ ಬಾಯಲ್ಲೇ ಮಾಡಿ ತೋರಿಸಿದ ರೆಕಾರ್ಡಿಂಗ್, ಗಂಟೆಗೊಮ್ಮೆ ಬರುತ್ತಿತ್ತು.

ಮೂರನೇ ದಿನ ಪಂಚೆ ಉಟ್ಟ ಒಬ್ಬ ಹಿರಿಯರು ಬಂದರು. ಹೊರಗೆ ಆ ಕೂಗು ಕೇಳಿಸಿತಂತೆ. ಒಳಗೆ ಬಂದು ಒಂದೊಂದೇ ಎಳೆ ಹಿಡಿದು ನೋಡಿದರು. ನಾವು ಮುಟ್ಟಬೇಡಿ ಅಂತ ಹೇಳಲು ಹೊರಟಿದ್ದೆವು. ಅಷ್ಟರಲ್ಲಿ ಅವರು, "ಈ ಗಂಟು ಸರಿ ಇಲ್ಲಮ್ಮ. ಇಷ್ಟು ದಪ್ಪ ಇದ್ರೆ ಮೆಷಿನ್ನಿನಲ್ಲಿ ಹೋಗಲ್ಲ, ಕಿತ್ತುಕೊಳ್ತದೆ" ಅಂದರು. ವೈಂಡಿಂಗ್ ವಿಭಾಗದಲ್ಲಿ ಇದ್ದವರಂತೆ. ಬಾಬಿನ್ನಿನ ನೂಲನ್ನು ಕೋನಿಗೆ ಸುತ್ತುವಾಗ ಎಳೆ ತುಂಡಾದರೆ ಗಂಟು ಹಾಕಿ ಸೇರಿಸುವುದೇ ಕೆಲಸ. ಹೆಬ್ಬೆರಳು ತೋರುಬೆರಳು ಸೇರಿಸಿ ಏನೋ ಮಾಡಿದರು, ಗಂಟು ಬಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು. ಹುಡುಗಿ ಮತ್ತೆ ತೋರಿಸಿ ಅಂದಳು. ಮತ್ತೆ ಹಾಕಿದರು. ನಾವು ಐದು ಜನ ಸುತ್ತ ನಿಂತರೂ ಯಾರಿಗೂ ಹಿಡಿಯಲು ಆಗಲಿಲ್ಲ.

ಮಾರನೇ ದಿನ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಎಂಟು ದಿನ ಮೂವರೂ ಬೆಳಿಗ್ಗೆ ಹತ್ತಕ್ಕೆ ಬಂದು, ಅವಳು ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ ತಾವು ಹಾಕಿದರು. ಅವಳು ಪಕ್ಕದಲ್ಲಿ ಕೂತು ಕಲಿತಳು. ಕೆಲಸ ಮಾಡುತ್ತಾ ಅವರು ಪಾಳಿ, ಬೋನಸ್, ಮುಷ್ಕರ, ಹತ್ತಿ ಧೂಳಿನ ಕೆಮ್ಮು, ಎಲ್ಲ ಮಾತಾಡಿದರು. ಆ ಮಾತು ಕೇಳಲೆಂದೇ ಜನ ಬರತೊಡಗಿದರು. ಹುಡುಗಿ ಚೀಟಿಯಲ್ಲಿ ಅವರ ಹೆಸರನ್ನೂ ಸೇರಿಸುತ್ತೇನೆ ಅಂದಾಗ ಒಬ್ಬರು, "ಹೆಸರು ಬೇಡ, ನನ್ನ ಬಿಲ್ಲೆ ನಂಬರ್ ಬರೀರಿ. ಮೂವತ್ತು ವರ್ಷ ಅದೇ ನನ್ನ ಹೆಸರು" ಅಂದರು. ಉಳಿದ ಇಬ್ಬರೂ ಅದನ್ನೇ ಕೇಳಿದರು. ಚೀಟಿಯ ಮೇಲೆ ಅವಳ ಹೆಸರು, ಕೆಳಗೆ ಮೂರು ನಂಬರ್.

ಆ ಕೆಲಸದಲ್ಲಿ ಮಾರುವಂಥದ್ದು ಏನೂ ಇರಲಿಲ್ಲ. ಮುಗಿದ ಮೇಲೆ ನೂಲು ಸುತ್ತಿ ಇಟ್ಟೆವು, ಬಾಬಿನ್ನುಗಳನ್ನು ಅವಳು ಮನೆಗೆ ಒಯ್ದಳು. ವಾರದ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಇದು ಆಗುತ್ತಿರಲಿಲ್ಲ. ಮೂರನೇ ದಿನ ಒಬ್ಬರು ಬಂದು, ಎಂಟು ದಿನ ಗಂಟು ಹಾಕುವ ಹೊತ್ತಿಗೆ ಹಾಲ್ ಖಾಲಿ ಮಾಡುವ ದಿನ ದಾಟಿರುತ್ತಿತ್ತು. ನಾವು ಆ ಪ್ರದರ್ಶನವನ್ನು ಐದು ವಾರ ಇಟ್ಟೆವು. ಆಮೇಲಿಂದ ನಮ್ಮ ಯಾವ ಪ್ರದರ್ಶನವೂ ನಾಲ್ಕು ವಾರಕ್ಕಿಂತ ಕಮ್ಮಿ ಇಲ್ಲ. ಊರಿಗೆ ವಿಷಯ ತಲುಪಲು, ತಲುಪಿದವರು ಮತ್ತೊಮ್ಮೆ ಬರಲು ಅಷ್ಟು ದಿನ ಬೇಕು.

ದುಡ್ಡಿನ ಮಾತಿಗೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಐದು ಜನ ಸೇರಿ ಟ್ರಸ್ಟ್ ಮಾಡಿ ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದೆವು. ಪಾನ್ ಕಾರ್ಡು, ಬ್ಯಾಂಕ್ ಖಾತೆ, ಆಮೇಲೆ ಆದಾಯ ತೆರಿಗೆಯವರ 12ಎ ಮತ್ತು 80ಜಿ ನೋಂದಣಿ. 12ಎ ಇದ್ದರೆ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಇದ್ದರೆ, ಹಳೇ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ತೆರಿಗೆಯಲ್ಲಿ ಸ್ವಲ್ಪ ಉಳಿತಾಯ. ಆದರೆ ನಗದಾಗಿ 2000 ರೂಪಾಯಿ ಮೀರಿ ಕೊಟ್ಟರೆ ಆ ಉಳಿತಾಯ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಮೂಲಕವೇ ಕೊಡಿ ಅಂತ ಮೊದಲೇ ಹೇಳಿಬಿಡಿ. ಒಳ್ಳೆಯ ಲೆಕ್ಕಿಗರು ಸಿಗುವುದು ಒಳ್ಳೆಯ ಕಲಾವಿದರು ಸಿಗುವಷ್ಟೇ ಮುಖ್ಯ. ವಿದೇಶದಲ್ಲಿರುವ ನಮ್ಮ ಊರಿನವರು ದುಡ್ಡು ಕಳಿಸುತ್ತೇವೆ ಅಂತ ಆಗಾಗ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಕನ್ನಡದವರೇ ಆದರೂ ಅದು ವಿದೇಶಿ ಹಣ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ. ನಮಗೆ ಅದು ಇಲ್ಲ. ಹಾಗಾಗಿ ಇಬ್ಬರು ಪ್ರೀತಿಯ ಗೆಳೆಯರಿಗೆ ಬೇಡ ಅನ್ನಬೇಕಾಯಿತು.

ಲಾಭಕ್ಕಲ್ಲದ ಗ್ಯಾಲರಿ ಅಂದರೆ ಎಲ್ಲರೂ ಪುಕ್ಕಟೆ ದುಡಿಯಬೇಕು ಅಂತ ಜನ ತಿಳಿದಿದ್ದಾರೆ. ಇದಕ್ಕೆ ನನಗೆ ಸಿಟ್ಟು ಬರುತ್ತದೆ. ಬಣ್ಣ ಹೊಡೆಯುವವರಿಗೆ ಕೂಲಿ ಕೊಡುತ್ತೇವೆ, ಕರೆಂಟಿನವರಿಗೆ ಕೊಡುತ್ತೇವೆ, ಬಜ್ಜಿಯವರಿಗೂ ಕೊಡುತ್ತೇವೆ. ಕಲಾವಿದರಿಗೆ ಮಾತ್ರ "ನಿಮಗೆ ಒಳ್ಳೇ ಅವಕಾಶ" ಅಂತ ಹೇಳಿ ಕಳಿಸುವುದು ಯಾವ ನ್ಯಾಯ? ಮೊದಲ ಪ್ರದರ್ಶನದಿಂದಲೇ ಕಲಾವಿದರಿಗೆ ಗೌರವಧನ ಕೊಟ್ಟೆವು. ಆಗ 3000 ರೂಪಾಯಿ, ಈಗ 12,000. ಸಾಮಗ್ರಿ, ಸಾಗಣೆ ಖರ್ಚು ಬೇರೆ. ದೊಡ್ಡ ಮೊತ್ತ ಅಲ್ಲ ಅಂತ ಗೊತ್ತು. ಆದರೆ ಬಜೆಟ್ ಬರೆಯುವಾಗ ಅದನ್ನು ಮೊದಲ ಸಾಲಿನಲ್ಲಿ ಬರೆಯುತ್ತೇವೆ. ಉಳಿದದ್ದರಲ್ಲಿ ಬೇರೆಯದು. ಯಾರಾದರೂ ಚಿತ್ರ ಕೊಳ್ಳುತ್ತೇವೆ ಅಂದರೆ ಕಲಾವಿದರ ಫೋನ್ ನಂಬರ್ ಕೊಡುತ್ತೇವೆ. ನಮ್ಮ ಪಾಲು ಇಲ್ಲ.

ಹಾಗಾದರೆ ಬಾಡಿಗೆ? ನಮಗೆ ಕೈ ಹಿಡಿದದ್ದು ಲಿನೋಕಟ್, ಅಂದರೆ ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ತೆಗೆಯುವುದು. ಪ್ರದರ್ಶನ ಮಾಡಿದ ಪ್ರತಿ ಕಲಾವಿದರೂ ಅಂಗೈ ಎರಡರಷ್ಟು ಅಗಲದ ಒಂದು ಲಿನೋ ಕೆತ್ತುತ್ತಾರೆ. ಪ್ರೆಸ್ ಬೇಕಾಗಿಲ್ಲ. ಮಸಿ ಹಚ್ಚಿ, ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಿದರೆ ಅಚ್ಚು ಬರುತ್ತದೆ. ಒಂದು ಕೆತ್ತನೆಗೆ 20 ಪ್ರತಿ ಮಾತ್ರ. ಪ್ರತಿಯೊಂದಕ್ಕೂ ಪೆನ್ಸಿಲ್ಲಿನಲ್ಲಿ 1/20, 2/20 ಅಂತ ಸಂಖ್ಯೆ, ಸಹಿ. ಹತ್ತು ಪ್ರತಿ ಕಲಾವಿದರಿಗೆ, ಹತ್ತು ನಮಗೆ. ಒಂದಕ್ಕೆ 1500 ರೂಪಾಯಿ. ಡಾಕ್ಟರುಗಳು, ಕಾಲೇಜು ಮೇಷ್ಟ್ರುಗಳು, ಹೊಸ ಮನೆ ಕಟ್ಟಿದವರು ಕೊಳ್ಳುತ್ತಾರೆ. ತಮ್ಮ ಜೀವನದಲ್ಲಿ ಕೊಂಡ ಮೊದಲ ಕಲಾಕೃತಿ ಇದೇ ಅಂತ ಎಷ್ಟೋ ಜನ ಹೇಳಿದ್ದಾರೆ. ಉಳಿದದ್ದು ಸಣ್ಣ ದಾನಗಳಿಂದ ಬರುತ್ತದೆ. ತಿಂಗಳಿಗೆ 200 ರೂಪಾಯಿ ಕೊಡುವ ಅರವತ್ತು ಮಂದಿ ಇದ್ದಾರೆ. ಯೋಜನೆಗಳಿಗೆ ಅನುದಾನ ಬೇಕಾದಾಗ ಅರ್ಜಿ ಹಾಕುತ್ತೇವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ಅಂಥವರು ಕಲಾವಿದರಿಗೇ ನೇರವಾಗಿ ಅನುದಾನ ಕೊಡುತ್ತಾರೆ. ನಮ್ಮ ಹುಡುಗರಿಗೆ ಅರ್ಜಿ ಬರೆಯಲು ಕಲಿಸುವುದೂ ನಮ್ಮ ಕೆಲಸದಲ್ಲಿ ಒಂದು ಭಾಗವಾಗಿದೆ.

ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣಕ್ಕೂ ಒಮ್ಮೆ ಕೈ ಚಾಚಿದೆವು. ಕಲೆ ಮತ್ತು ಸಂಸ್ಕೃತಿಗೆ ಅದನ್ನು ಬಳಸಲು 2013ರ ಕಂಪನಿ ಕಾಯ್ದೆಯಲ್ಲಿ ಅವಕಾಶ ಇದೆ. ಒಂದು ಕಂಪನಿಯವರು ಎರಡು ಲಕ್ಷ ಕೊಡಲು ಒಪ್ಪಿದರು, ಮೊದಲ ಕಂತೂ ಬಂತು. ಪ್ರದರ್ಶನದ ಮೂರು ದಿನ ಮುಂಚೆ, ಒಬ್ಬ ಛಾಯಾಗ್ರಾಹಕನ ಕೆರೆಯ ಚಿತ್ರಗಳನ್ನು ಪ್ರದರ್ಶನದಿಂದ ಕೈಬಿಡಿ ಅಂದರು. ನೀರಿನ ಬಣ್ಣ ಬದಲಾದ ಕೆರೆ ಅದು. ಆ ರಾತ್ರಿ ನಾವು ಐದೂ ಜನ ಗೋದಾಮಿನಲ್ಲೇ ಕೂತು ಮಾತಾಡಿದೆವು. ಇಬ್ಬರು, ಈ ಒಂದು ಸಲ ಒಪ್ಪಿಕೊಳ್ಳೋಣ, ಒಂದು ವರ್ಷದ ಬಾಡಿಗೆ ಬರುತ್ತದೆ ಅಂದರು. ಅವರ ಮಾತಿನಲ್ಲೂ ಅರ್ಥ ಇತ್ತು. ಬೆಳಿಗ್ಗೆ ಹೊತ್ತಿಗೆ ದುಡ್ಡು ವಾಪಸ್ ಮಾಡುವುದು ಅಂತ ಆಯಿತು. ಆ ವರ್ಷ ಎರಡು ಪ್ರದರ್ಶನ ಕಮ್ಮಿ ಮಾಡಿದೆವು. ಕೆರೆಯ ಚಿತ್ರಗಳು ಗೋಡೆಯ ಮೇಲೆ ಆರು ವಾರ ಇದ್ದವು.

ನನಗೆ ಇವತ್ತಿಗೂ ನೋವು ಕೊಡುವ ಒಂದು ಘಟನೆ ಇದೆ. ಎರಡನೇ ವರ್ಷದ ಮಳೆಗಾಲ. ಕೋತಿ ಓಡಾಡಿ ಹೆಂಚು ಸರಿದಿತ್ತು, ನಾವು ನೋಡಿರಲಿಲ್ಲ. ರಾತ್ರಿಯ ಮಳೆಗೆ ಎರಡು ಮಸಿ ಚಿತ್ರಗಳು ಪೂರ್ತಿ ನೆನೆದವು. ಕಲಾವಿದ ಎಂಟು ತಿಂಗಳು ಕೂತು ಬರೆದ ಚಿತ್ರಗಳು. ಅವನಿಗೆ ಫೋನ್ ಮಾಡಿದಾಗ ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ನಾವು ವಿಮೆ ಮಾಡಿಸಿರಲಿಲ್ಲ. ಅವನು ಹೇಳಿದ ಬೆಲೆಯನ್ನು ಹತ್ತು ಕಂತಿನಲ್ಲಿ ಕೊಟ್ಟೆವು. ಚಿತ್ರ ಮಾತ್ರ ವಾಪಸ್ ಬರುವುದಿಲ್ಲವಲ್ಲ. ಈಗ ಪ್ರತಿ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುತ್ತೇವೆ. ಹೆಂಚಿನ ಕೆಳಗೆ ತಾಡಪಾಲು ಕಟ್ಟಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಕೆಲಸ ತೂಗುಹಾಕುವುದಿಲ್ಲ, ಶಿಲ್ಪ, ವಿಡಿಯೋ, ಮಣ್ಣಿನ ಕೆಲಸಕ್ಕೆ ಆ ತಿಂಗಳು. ಕೃತಿ ನಮ್ಮ ಕೈಗೆ ಬಂದ ದಿನ ನಾಲ್ಕೂ ಮೂಲೆಯ ಫೋಟೋ ತೆಗೆದು, ಎಲ್ಲಿ ಏನು ಕಲೆ, ಸೀಳು ಇದೆ ಅಂತ ಬರೆದು, ಇಬ್ಬರೂ ಸಹಿ ಹಾಕುತ್ತೇವೆ. ಸಣ್ಣದೋ ದೊಡ್ಡದೋ, ವಿಮೆ ಮಾಡಿಸದೆ ಯಾವ ಪ್ರದರ್ಶನವೂ ಇಲ್ಲ. ಹೊಸದಾಗಿ ಶುರು ಮಾಡುವವರು ಈ ಪ್ಯಾರಾ ಒಂದನ್ನಾದರೂ ದಯವಿಟ್ಟು ನೆನಪಿಡಿ.

2020ರಲ್ಲಿ ಲಾಕ್‌ಡೌನ್ ಬಂತು. ಏಳು ತಿಂಗಳು ಬಾಗಿಲು ಮುಚ್ಚಿತ್ತು. ಆಗ ಆ ತಿಂಗಳ 200 ರೂಪಾಯಿ ಕೊಡುವವರಲ್ಲಿ ನಾಲ್ಕು ಜನ ಬಿಟ್ಟು ಯಾರೂ ನಿಲ್ಲಿಸಲಿಲ್ಲ.

ದಿನಕ್ಕೆ ಎಷ್ಟು ಜನ ಬರುತ್ತಾರೆ ಅಂತ ಕೇಳುತ್ತಾರೆ. ಕೆಲವು ದಿನ ಹತ್ತು, ಕೆಲವು ದಿನ ಇಬ್ಬರು. ಶನಿವಾರ ಶಾಲೆ ಮಕ್ಕಳು ಬಂದರೆ ಅರವತ್ತು. ಮಧ್ಯಾಹ್ನ ಹಮಾಲಿ ಮಾಡುವ ಇಬ್ಬರು ಬಂದು ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತು ಹೋಗುತ್ತಾರೆ. ಮೊದಮೊದಲು ಅವರು ಗೋಡೆ ಕಡೆ ನೋಡುತ್ತಿರಲಿಲ್ಲ. ಈಗ ಪ್ರದರ್ಶನ ಬದಲಾದ ದಿನ ಅವರೇ ಮೊದಲು ಹೇಳುತ್ತಾರೆ, ಇದಕ್ಕಿಂತ ಹೋದ ಸಲದ್ದು ಚೆನ್ನಾಗಿತ್ತು ಅಂತ. ಬಹಳ ಸಲ ಅವರ ಮಾತು ಸರಿ ಇರುತ್ತದೆ. "ಇದನ್ನ ನಾನೂ ಮಾಡ್ತಿದ್ದೆ" ಅಂತ ಒಬ್ಬ ಪಿಯುಸಿ ಹುಡುಗ ಹೇಳಿದ್ದ. ಮಾಡಿಕೊಂಡು ಬಾ ಅಂದೆ. ಎರಡು ವಾರ ಬಿಟ್ಟು ಬಂದ, ಕೈಯಲ್ಲಿ ಒಂದು ರಟ್ಟು. ಈಗ ಅವನು ಕಾಲೇಜಿನಲ್ಲಿ ಶಿಲ್ಪ ಓದುತ್ತಿದ್ದಾನೆ.

ನಮ್ಮಲ್ಲಿ ಪ್ರದರ್ಶನ ಮಾಡಿದವರಲ್ಲಿ ಎಲ್ಲರೂ ಮುಂದೆ ಹೋಗಲಿಲ್ಲ. ಕೆಲವು ಪ್ರದರ್ಶನಗಳು ಚೆನ್ನಾಗಿ ಆಗಲಿಲ್ಲ, ಕಲಾವಿದರಿಗೂ ಅದು ಗೊತ್ತಿತ್ತು. ಆದರೆ ಗೋಡೆಯ ಮೇಲೆ ಹಾಕಿ ನಾಲ್ಕು ವಾರ ನೋಡದೆ ಅದು ಗೊತ್ತಾಗುತ್ತಿರಲಿಲ್ಲ. ಸಾಲ ಮಾಡಿ ಬಾಡಿಗೆ ಕಟ್ಟಿದವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅವರು ಗೊತ್ತಿರುವುದನ್ನೇ ಮತ್ತೆ ಮಾಡುತ್ತಾರೆ. ಬರೀ ಇದೊಂದಕ್ಕಾಗಿಯಾದರೂ ಶಿವಮೊಗ್ಗ, ಬಳ್ಳಾರಿ, ರಾಯಚೂರು, ಎಲ್ಲ ಊರಿನಲ್ಲೂ ಬಾಡಿಗೆ ಕೇಳದ ನಾಲ್ಕು ಗೋಡೆ ಇರಬೇಕು ಅಂತ ನನ್ನ ಆಸೆ.

ಗೋದಾಮಿನ ಮಾಲೀಕರು ತೀರಿಕೊಂಡರು. ಅವರ ಮಕ್ಕಳು ಜಾಗ ಮಾರುತ್ತಿದ್ದಾರೆ. ಮುಂದಿನ ಮಾರ್ಚ್ ಒಳಗೆ ಖಾಲಿ ಮಾಡಬೇಕು. ಅವರು ಒಂದು ವರ್ಷ ಮುಂಚೆಯೇ ಹೇಳಿದ್ದಾರೆ, ಒಳ್ಳೆಯ ಜನ. ಹೋದ ಭಾನುವಾರ ರೈಲ್ವೆ ಗೇಟಿನ ಆಚೆ ಒಂದು ಹಳೇ ಅಚ್ಚುಕೂಟ ನೋಡಿ ಬಂದೆವು. ಉದ್ದ 31 ಅಡಿ, ಅಗಲ 16. ಟೇಪು ಹಿಡಿದು ಅಳೆದೆವು. ಈಗಿರುವ ಪ್ಲೈವುಡ್ಡಿನಲ್ಲಿ ಮೂರು ಗೋಡೆ ಪೂರ್ತಿ ಆಗುತ್ತದೆ, ನಾಲ್ಕನೆಯದಕ್ಕೆ ಆರು ಹಾಳೆ ಕಮ್ಮಿ ಬೀಳುತ್ತದೆ. ಸ್ಕ್ರೂ ಬಿಚ್ಚುವ ಕೆಲಸ ಜನವರಿಯಲ್ಲಿ ಶುರು.